ಊರಿನ ಪೌರಾಣಿಕ ನಾಟಕಕ್ಕೆ ಸೇರುವವರಿಗೆ: ಶ್ರುತಿ ನೋಡಿಸುವುದರಿಂದ ಲೆಕ್ಕ ಒಪ್ಪಿಸುವವರೆಗೆ

ಸುಗ್ಗಿ ಮುಗಿಯುತ್ತಿದ್ದಂತೆ ತುಮಕೂರು, ಮಂಡ್ಯ, ಹಾಸನ, ರಾಮನಗರದ ಊರುಗಳಲ್ಲಿ, ಆ ಊರುಗಳಿಂದ ಬೆಂಗಳೂರಿಗೆ ಬಂದವರ ಸಂಘಗಳಲ್ಲಿ ‘ಕುರುಕ್ಷೇತ್ರ’ ನಾಟಕ ಕಲಿಯಲು ಹೊಸಬರು ಕೂರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಅವರಲ್ಲಿ ಕೆಲವರು ಮೆಲ್ಲಗೆ ತಪ್ಪಿಸಿಕೊಳ್ಳುತ್ತಾರೆ. ಕಾರಣ ಹೆಚ್ಚಾಗಿ ಒಂದೇ. ಮೊದಲು ದುಡ್ಡು ಕಟ್ಟಿ ಪಾರ್ಟು ಹಿಡಿದರು, ಆಮೇಲೆ ಹಾರ್ಮೋನಿಯಂ ಮುಂದೆ ಕೂತರು, ಗಂಟಲು ಆ ಪಾರ್ಟಿಗೆ ಏರಲಿಲ್ಲ. ಇನ್ನು ಹಾಡಲು ಬಾರದವರು ತಮಗೇನೂ ಕೆಲಸವಿಲ್ಲವೆಂದು ಚಂದಾ ಕೊಟ್ಟು ದೂರ ಉಳಿಯುತ್ತಾರೆ. ನಾಟಕದ ರಾತ್ರಿ ಪರದೆ ಎಳೆಯಲು ಆಳಿರುವುದಿಲ್ಲ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮುಖ್ಯವಾಗಿ ಎರಡನೇ ಹಂತ ಮುಗಿಯದೆ ಮೂರನೆಯದಕ್ಕೆ ಕಾಲಿಡಬೇಡಿ.

ಇದು ಹಳೇ ಮೈಸೂರು ಕಡೆಯ ಪದ್ಧತಿ. ಉತ್ತರ ಕರ್ನಾಟಕದ ಸಣ್ಣಾಟ, ದೊಡ್ಡಾಟ, ಕಂಪನಿ ನಾಟಕಗಳ ರಿವಾಜು ಬೇರೆ.

ಕೈಯಲ್ಲಿ ಇರಬೇಕಾದವು

ಗೆರೆ ಹಾಕಿದ 200 ಪುಟದ ನೋಟ್‌ಬುಕ್ ಒಂದು, ಎರಡು ಬಣ್ಣದ ಪೆನ್ನು, ರೆಕಾರ್ಡ್ ಮಾಡುವ ಫೋನು, ಒಂದು ಇಯರ್‌ಫೋನು. ಸ್ವಂತ ಹಾರ್ಮೋನಿಯಂ ಬೇಕಿಲ್ಲ. ಎರಡು ಮೂರು ತಿಂಗಳು ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬಿಡುವು ಬೇಕು, ಅದಕ್ಕೆ ಮನೆಯವರ ಒಪ್ಪಿಗೆಯೂ ಬೇಕು. ವಾರದಲ್ಲಿ ಮೂರು ರಾತ್ರಿಗಿಂತ ಕಡಿಮೆ ಬರಲು ಸಾಧ್ಯವಾಗುವವರು ಹಾಡುವ ಪಾರ್ಟಿನ ಆಸೆ ಬಿಟ್ಟು ನೇರ ಆರನೇ ಹಂತಕ್ಕೆ ಹೋಗಿ.

ಹಂತ 1: ತಂಡ ನೋಡಿ ಸೇರುವುದು

ತಂಡದ ಹಿಂದಿನ ನಾಟಕದ ಹ್ಯಾಂಡ್‌ಬಿಲ್ ಕೇಳಿ ಇಸಿದುಕೊಳ್ಳಿ. ಅದರಲ್ಲಿರುವ ಪಾತ್ರಧಾರಿಗಳಲ್ಲಿ ಎಷ್ಟು ಜನ ಈ ಸಲವೂ ಇದ್ದಾರೆ ಎಂದು ಎಣಿಸಿ. ಅರ್ಧಕ್ಕರ್ಧ ಜನ ಬಿಟ್ಟು ಹೋಗಿದ್ದರೆ ಏಕೆ ಬಿಟ್ಟರೆಂದು ಬಿಟ್ಟವರನ್ನೇ ವಿಚಾರಿಸಿ. ಉತ್ತರ ಲೆಕ್ಕದ ಜಗಳ ಅಥವಾ ಪಾರ್ಟು ಹಂಚಿಕೆಯ ಜಗಳ ಆಗಿರುತ್ತದೆ.

ಆಮೇಲೆ ಎರಡು ರಾತ್ರಿ ಸುಮ್ಮನೆ ತಾಲೀಮಿಗೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಮೇಷ್ಟ್ರು (ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವವರು) ಹೊಸಬರಿಗೆ ಒಂದು ಮಟ್ಟನ್ನು, ಅಂದರೆ ಹಾಡಿನ ಧಾಟಿಯನ್ನು, ಎಷ್ಟು ಸಲ ಹೇಳಿಕೊಡುತ್ತಾರೆ, ಹಳಬರು ಹೊಸಬರನ್ನು ನೋಡಿ ನಗುತ್ತಾರೆಯೇ, ಹೇಳಿದ ಹೊತ್ತಿಗೆ ಶುರುವಾಗುತ್ತದೆಯೇ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಕುಡಿದು ಬಂದವರನ್ನು ತಾಲೀಮಿಗೆ ಕೂರಿಸಿಕೊಳ್ಳುವ ತಂಡ ನಾಟಕದ ರಾತ್ರಿಯೂ ಕೂರಿಸಿಕೊಳ್ಳುತ್ತದೆ. ಅಂಥ ಕಡೆ ಸೇರದಿರುವುದೇ ಲೇಸು.

ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ: ದುಡ್ಡು ಯಾರ ಹತ್ತಿರ ಇರುತ್ತದೆ? ಕಳೆದ ಸಲದ ಲೆಕ್ಕ ಓದಿದಿರಾ? ನಾಟಕ ನಿಂತುಹೋದರೆ ಕಟ್ಟಿದ ಹಣ ವಾಪಸ್ಸು ಬರುತ್ತದೆಯೇ? ಮೂರಕ್ಕೂ ‘ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಬನ್ನಿ’ ಎಂದರೆ ನೀವೂ ಆಮೇಲೆ ನೋಡಿಕೊಳ್ಳಬಹುದು.

ಹಂತ 2: ಶ್ರುತಿ ನೋಡಿಸುವುದು

ಎಲ್ಲಕ್ಕಿಂತ ಹೆಚ್ಚು ಜನ ಎಡವುವ ಜಾಗ ಇದು. ಹಾರ್ಮೋನಿಯಂನಲ್ಲಿ ನಿಮ್ಮ ಷಡ್ಜ (ಸ) ಯಾವ ಮನೆಯಲ್ಲಿ, ಅಂದರೆ ಯಾವ ಕೀಲಿಯಲ್ಲಿ, ಕೂರುತ್ತದೆ ಎಂದು ಮೇಷ್ಟ್ರ ಹತ್ತಿರ ನೋಡಿಸಬೇಕು. ಗಂಡಸರಿಗೆ ಸಾಮಾನ್ಯವಾಗಿ 1ರಿಂದ 2½ ಮನೆಯ ಒಳಗೆ ಸಿಗುತ್ತದೆ, ಹೆಂಗಸರಿಗೆ 4½ರಿಂದ 6ರ ಆಸುಪಾಸು. ಬಿಳಿ ಮನೆಗಳಿಗೆ 1, 2, 3 ಎಂದು ಎಣಿಕೆ. ನಡುವಿನ ಕಪ್ಪು ಮನೆಗಳಿಗೆ ಒಂದೂವರೆ, ಎರಡೂವರೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಕಪ್ಪು ಇಲ್ಲ.

ನೋಡಿಸುವ ವಿಧಾನ ಹೀಗೆ. ಮಂದ್ರ ಪಂಚಮದಿಂದ (ಕೆಳಗಿನ ಸ್ಥಾಯಿಯ ಪ) ತಾರ ಮಧ್ಯಮದವರೆಗೆ (ಮೇಲಿನ ಸ್ಥಾಯಿಯ ಮ) ಅಕಾರದಲ್ಲಿ ಏರಿ ಇಳಿಯಿರಿ. ಕೆಳಗೆ ಪಂಚಮ ಬರೀ ಗಾಳಿಯಾದರೆ ಶ್ರುತಿ ತಗ್ಗಾಯಿತು. ಮೇಲೆ ಹೋದಾಗ ಗದ್ದ ಎತ್ತಿದರೆ, ಕತ್ತಿನ ನರ ಉಬ್ಬಿದರೆ, ಕಣ್ಣು ಮುಚ್ಚಿಕೊಂಡರೆ ಎತ್ತರವಾಯಿತು. ತಾರ ಷಡ್ಜದಲ್ಲಿ ಐದು ಸೆಕೆಂಡು ಅಲುಗದೆ ನಿಲ್ಲುವುದು ಕನಿಷ್ಠ.

ಇದನ್ನು ಎರಡು ಸಲ ಮಾಡಿಸಿ: ತಾಲೀಮು ಶುರುವಾಗುವಾಗ ಒಮ್ಮೆ, ಹನ್ನೊಂದು ಗಂಟೆಗೆ ಗಂಟಲು ದಣಿದ ಮೇಲೆ ಇನ್ನೊಮ್ಮೆ. ಎರಡನೇ ಸಲ ಸಿಕ್ಕ ಮನೆಯೇ ನಿಮ್ಮದು. ರಂಗದ ಮೇಲೆ ನೀವು ತಾಜಾ ಗಂಟಲಲ್ಲಿ ಹಾಡುವುದು ಮೊದಲ ಹಾಡು ಒಂದನ್ನೇ. ಉಳಿದದ್ದೆಲ್ಲ ಅಬ್ಬರದ ಮಾತಾದ ಮೇಲೆ, ಗಂಟಲು ದಣಿದ ಮೇಲೆ. ತಾಲೀಮಿನ ಶುರುವಿಗೆ ಎರಡು ಮನೆಗೆ ಏರಿದ ಗಂಟಲು ಕೊನೆಗೆ ಒಂದೂವರೆ ಮನೆಗೆ ಇಳಿದರೆ ನಾಚಿಕೆ ಬೇಡ. ಅರ್ಧ ಮನೆ ಇಳಿಸಿಕೊಂಡು ಹಾಡಿದ್ದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ, ಸ್ವರ ಬಿರಿದದ್ದು ಕೊನೇ ಸಾಲಿನವರಿಗೂ ತಿಳಿಯುತ್ತದೆ.

ಫೋನಿನ ತಂಬೂರಿ ಆ್ಯಪ್ ಹಾಕಿಕೊಂಡು ಮನೆಯಲ್ಲಿ ಕಲಿಯುವವರು ಒಂದು ಎಚ್ಚರ ವಹಿಸಿ. ಹಳೇ ಹಾರ್ಮೋನಿಯಂಗಳ ಶ್ರುತಿ ಆ್ಯಪಿನ ಶ್ರುತಿಗೆ ಸರಿಯಾಗಿ ಕೂರುವುದಿಲ್ಲ, ಕೊಂಚ ಏರುಪೇರಾಗಿರುತ್ತದೆ. ಮೇಷ್ಟ್ರ ಪೆಟ್ಟಿಗೆಯ ಷಡ್ಜ–ಪಂಚಮವನ್ನೇ ಐದು ನಿಮಿಷ ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಅಭ್ಯಾಸ ಮಾಡಿ.

ಶ್ರುತಿಯೇ ಹಿಡಿಯದಿದ್ದರೆ? ಹದಿನೈದು ದಿನ ಬರೀ ಸ–ಪ–ಸ ಹಿಡಿದು ನಿಲ್ಲುವ ಅಭ್ಯಾಸ ಮಾಡಿ ಮತ್ತೆ ನೋಡಿಸಿ. ಆಗಲೂ ಜಾರಿದರೆ ಮಾತೇ ಹೆಚ್ಚಿರುವ ಪಾರ್ಟು ತೆಗೆದುಕೊಳ್ಳಿ. ಅಂಥವೂ ಇವೆ.

ಹಂತ 3: ಪಾರ್ಟು ಹಿಡಿಯುವುದು, ದುಡ್ಡು ಕಟ್ಟುವುದು

ಕೃಷ್ಣನಿಗೆ ಹಾಡು ಹೆಚ್ಚು, ರಂಗದ ಮೇಲೆ ನಿಲ್ಲುವ ಹೊತ್ತೂ ಹೆಚ್ಚು, ಕೂಗದೆ ಹಾಡಬೇಕು. ದುರ್ಯೋಧನನಿಗೆ ಮಾತಿನ ಅಬ್ಬರ, ಅದರ ಬೆನ್ನಿಗೇ ಹಾಡು. ಅನುಭವವಿಲ್ಲದವರ ಗಂಟಲು ಕೆಡುವುದು ಇಲ್ಲೇ, ಆದರೂ ಹೊಸಬರು ಮುಗಿಬೀಳುವುದು ಇದಕ್ಕೇ. ಕರ್ಣನಿಗೆ ಶೋಕದ ಹಾಡು, ಉಸಿರು ಉದ್ದ ಬೇಕು. ಧರ್ಮರಾಯ, ವಿದುರ, ಭೀಷ್ಮರಿಗೆ ನಿಧಾನದ ಕಂದಪದ್ಯ, ಅಂದರೆ ತಾಳವಿಲ್ಲದೆ ಹಾಡುವ ನಾಲ್ಕು ಪಾದದ ಪದ್ಯ. ಶ್ರುತಿ ಶುದ್ಧವಿದ್ದು ತಾಳ ಅಳುಕುವವರಿಗೆ ಒಗ್ಗುತ್ತದೆ. ಶಕುನಿಗೆ ಮಾತೇ ಬಂಡವಾಳ, ಚುರುಕು ನಾಲಗೆಯವರು ಹಾಡು ಕಡಿಮೆಯಿದ್ದರೂ ಗೆಲ್ಲುತ್ತಾರೆ. ಮೊದಲ ಸಲದವರಿಗೆ ಸಾತ್ಯಕಿ, ದುಶ್ಶಾಸನ, ವಿದುರರಲ್ಲಿ ಒಂದು ಸಾಕು.

ದೊಡ್ಡ ಪಾರ್ಟನ್ನು ಇಬ್ಬರು ಮೂವರಿಗೆ ಹಂಚುವ ರೂಢಿಯಿದೆ: ಒಂದನೇ ಕೃಷ್ಣ, ಎರಡನೇ ಕೃಷ್ಣ. ಹೀಗೆ ಹಿಡಿಯುವಾಗ ಯಾವ ದೃಶ್ಯದಿಂದ ಯಾವ ದೃಶ್ಯದವರೆಗೆ ನಿಮ್ಮದು ಎಂದು ಬರೆಸಿಕೊಳ್ಳಿ. ‘ಸಂಧಾನ ನನಗೆ ಅಂದಿದ್ರಿ’ ಎಂಬ ಜಗಳ ಪ್ರತಿ ಊರಿನಲ್ಲೂ ಒಮ್ಮೆ ಆಗಿಯೇ ಇದೆ. ಇಬ್ಬರು ಕೃಷ್ಣರ ಎತ್ತರದಲ್ಲಿ ಭಾರಿ ವ್ಯತ್ಯಾಸವಿದ್ದರೆ ಒಂದು ದೃಶ್ಯ ಬಿಟ್ಟು ಬದಲಾಯಿಸಿ, ಅದೇ ದೃಶ್ಯದ ಬೆನ್ನಿಗೆ ಬೇಡ.

ದುಡ್ಡಿನ ವಿಷಯ. ಪಾರ್ಟನ್ನು ಹರಾಜಿಗೆ ಇಡುವ ತಂಡಗಳಿವೆ. ಹೆಚ್ಚು ಕೊಟ್ಟವರಿಗೆ ದೊಡ್ಡ ಪಾರ್ಟು ಎಂದಾದರೆ ಹಣ ಬೇಗ ಸೇರುತ್ತದೆ, ನಾಟಕ ಕೆಡುತ್ತದೆ. ಅದಕ್ಕಿಂತ ಪಾಲಿನ ಲೆಕ್ಕ ಒಳ್ಳೆಯದು. ಅಂದಾಜು ಖರ್ಚು 2,00,000 ರೂಪಾಯಿ ಎಂದು ಇಟ್ಟುಕೊಳ್ಳಿ. ದೊಡ್ಡ ಪಾರ್ಟಿಗೆ 4 ಪಾಲು, ನಡುವಿನದಕ್ಕೆ 2, ಸಣ್ಣದಕ್ಕೆ 1. ದೊಡ್ಡವು 4, ನಡುವಿನವು 6, ಸಣ್ಣವು 12 ಇದ್ದರೆ ಒಟ್ಟು 40 ಪಾಲು. ಪಾಲಿಗೆ 5,000 ಆಯಿತು. ಹಾಗಾಗಿ ದೊಡ್ಡ ಪಾರ್ಟಿಗೆ 20,000, ನಡುವಿನದಕ್ಕೆ 10,000, ಸಣ್ಣದಕ್ಕೆ 5,000. ಇದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಕಾಯ್ದಿಡಿ. ಜನರೇಟರ್ ಡೀಸೆಲ್, ಮಳೆಗೆ ಹೆಚ್ಚುವರಿ ಶಾಮಿಯಾನ, ಕೊನೇ ಗಳಿಗೆಯ ಗಾಡಿ ಬಾಡಿಗೆ ಎಲ್ಲ ಬರುವುದು ಇದರಿಂದಲೇ.

ಒಟ್ಟು ಹಣ ಒಂದೇ ಸಲ ಕಟ್ಟಬೇಡಿ. ಮೂರು ಕಂತು ಮಾಡಿ: ಪಾರ್ಟು ಹಿಡಿದಾಗ, ತಾಲೀಮಿನ ನಡುವೆ, ನಾಟಕಕ್ಕೆ ವಾರ ಮುಂಚೆ. ಪ್ರತಿ ಕಂತಿಗೂ ರಶೀದಿ.

ಹಂತ 4: ಪಾರ್ಟು ಬರೆದುಕೊಳ್ಳುವುದು

ಮೇಷ್ಟ್ರ ಪುಸ್ತಕದ ಫೋಟೊ ತೆಗೆದುಕೊಂಡು ‘ಓದಿಕೊಳ್ತೀನಿ’ ಎಂದವರಿಗೆ ಪಾರ್ಟು ಬಾಯಿಗೆ ಬರುವುದಿಲ್ಲ. ಕೈಯಾರೆ ಬರೆಯಿರಿ. ಎಡಪುಟ ಖಾಲಿ ಬಿಡಿ, ಬಲಪುಟದಲ್ಲಿ ಬರೆಯಿರಿ. ಪ್ರತಿ ಮಾತಿಗೂ ಮೊದಲು, ಎದುರಿನ ಪಾತ್ರದ ಕೊನೆಯ ನಾಲ್ಕೈದು ಪದಗಳನ್ನು ಕೆಂಪಿನಲ್ಲಿ ಬರೆಯಬೇಕು. ಅದೇ ನಿಮ್ಮ ಎತ್ತು. ಇದನ್ನು ಬಿಟ್ಟು ತನ್ನ ಮಾತನ್ನಷ್ಟೇ ಉರು ಹೊಡೆದವರು ರಂಗದ ಮೇಲೆ ಎಲ್ಲಿ ಬಾಯಿ ತೆರೆಯಬೇಕೆಂದು ತಿಳಿಯದೆ ಎದುರಿನವರ ಮುಖ ನೋಡುತ್ತಾರೆ.

ಹಾಡಿನ ಪಕ್ಕ, ಎಡಪುಟದಲ್ಲಿ ಇಷ್ಟು ಇರಲಿ: ರಾಗ ಅಥವಾ ಮಟ್ಟು, ತಾಳ, ಎತ್ತುಗಡೆ (ತಾಳದಲ್ಲಿ ಹಾಡು ಶುರುವಾಗುವ ಜಾಗ) ಎಲ್ಲಿ, ಹಾಡಿಗೆ ಮುಂಚೆ ಹಾರ್ಮೋನಿಯಂ ಎಷ್ಟು ಆವರ್ತ (ತಾಳದ ಸುತ್ತು) ನುಡಿಸುತ್ತದೆ, ಪಲ್ಲವಿಗೆ ಎಷ್ಟು ಸಲ ಮರಳಬೇಕು. ಪ್ರವೇಶ ಎಡಗಡೆಯಿಂದಲೋ ಬಲಗಡೆಯಿಂದಲೋ, ಕೈಯಲ್ಲಿ ಗದೆಯೋ ಬಿಲ್ಲೋ ಪತ್ರವೋ ಎಂಬುದೂ ಅಲ್ಲೇ. ಉದ್ದ ಮಾತುಗಳಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಒಂದು ಓರೆಗೆರೆ ಎಳೆಯಿರಿ. ಸಮಾಸದ ನಡುವೆ ಉಸಿರು ಕಡಿಯಬಾರದು. ‘ಧರ್ಮರಾಜ್ಯ’ ಎಂಬಲ್ಲಿ ‘ಧರ್ಮ’ಕ್ಕೆ ನಿಂತು ‘ರಾಜ್ಯ’ಕ್ಕೆ ಹೊಸ ಉಸಿರು ಎಳೆದರೆ ಮಾತು ಸತ್ತಿತು.

ಬರೆಯುವಾಗಲೇ ಉಚ್ಚಾರವನ್ನೂ ಗುರುತು ಮಾಡಿ. ನಮ್ಮ ಕಡೆ ಹಕಾರ ನುಂಗುವುದು, ಮಹಾಪ್ರಾಣ ಬಿಡುವುದು, ಶಕಾರ ಸಕಾರವಾಗುವುದು ದಿನದ ಮಾತಿನಲ್ಲಿ ಸಹಜ. ಆದರೆ ‘ಅಸ್ತಿನಾವತಿ’, ‘ದರ್ಮ’, ‘ಸಕುನಿ’, ‘ಬೀಸ್ಮ’ ಎಂದರೆ ಆಡುವ ಪಾತ್ರ ಕಿರೀಟ ಹಾಕಿದ್ದೂ ದಂಡ. ನೀವು ತಪ್ಪುವ ಪದಗಳಷ್ಟನ್ನೇ ಬೇರೆ ಹಾಳೆಯಲ್ಲಿ ಬರೆದು, ದಿನಕ್ಕೆ ಹತ್ತು ಸಲ ಗಟ್ಟಿಯಾಗಿ ಓದಿ. ಎರಡು ವಾರದಲ್ಲಿ ಸರಿಹೋಗುತ್ತದೆ.

ಹಂತ 5: ತಾಲೀಮು

ಮೊದಲ ಮೂರು ವಾರ ಹಾಡು ಮಾತ್ರ, ಕೂತು. ಮಾತು ಮನೆಯಲ್ಲಿ ಉರು ಹೊಡೆಯಿರಿ. ನಾಲ್ಕನೇ ವಾರದಿಂದ ಹಾಡು–ಮಾತು ಸೇರಿಸಿ. ಪುಸ್ತಕ ಕೆಳಗಿಟ್ಟ ಮೇಲೆ ನಡೆ, ನಿಲುವು. ಉಲ್ಟಾ ಮಾಡುವ ತಂಡಗಳಿವೆ. ಮೊದಲ ದಿನವೇ ಎದ್ದು ನಿಂತು ಕೈ ಬೀಸಲು ಶುರು ಮಾಡಿದವರ ಹಾಡು ಕೊನೆಗೂ ಕೂರುವುದಿಲ್ಲ.

ಕಂದಪದ್ಯಕ್ಕೆ ತಾಳವಿಲ್ಲ. ಹಾರ್ಮೋನಿಯಂ ನಿಮ್ಮ ಹಿಂದೆ ಬರುತ್ತದೆ, ನೀವು ಅದರ ಹಿಂದೆ ಹೋಗಬೇಡಿ. ಹೊಸಬರ ಗುಣವೆಂದರೆ ಪ್ರತಿ ಪಾದದ ಕೊನೆಯಲ್ಲೂ ಆಲಾಪ ಎಳೆಯುವುದು. ಎರಡು ಮತ್ತು ನಾಲ್ಕನೇ ಪಾದದ ಕೊನೆಗೆ ಸಾಕು. ಕಂದ ಮುಗಿದು ತಾಳದ ಹಾಡಿಗೆ ಇಳಿಯುವಲ್ಲಿ ತಬಲಾದವರ ಕೈ ನೋಡಿ. ನೂರಕ್ಕೆ ತೊಂಬತ್ತು ತಪ್ಪು ಆ ತಿರುವಿನಲ್ಲೇ. ಆ ನಾಲ್ಕು ಸೆಕೆಂಡನ್ನಷ್ಟೇ ಹತ್ತು ಸಲ ಮಾಡಿಸಿ ಎಂದು ಮೇಷ್ಟ್ರನ್ನು ಕೇಳಿ, ಪೂರ್ತಿ ಹಾಡು ಮತ್ತೆ ಮತ್ತೆ ಹಾಡುವುದಕ್ಕಿಂತ ಇದರಿಂದ ಲಾಭ ಜಾಸ್ತಿ.

ಅಬ್ಬರದ ಮಾತಿನ ಬೆನ್ನಿಗೆ ಹಾಡು ಇರುವ ಕಡೆ, ಮಾತಿನ ಕೊನೆಯ ವಾಕ್ಯವನ್ನು ತಗ್ಗಿಸಿ ಹೇಳಿ. ಗಂಟಲಿಗೆ ಒಂದು ಕ್ಷಣ ಸಿಗುತ್ತದೆ, ಹಾರ್ಮೋನಿಯಂ ಕೊಟ್ಟ ಷಡ್ಜ ಕಿವಿಗೆ ಬೀಳುತ್ತದೆ. ಕೂಗುತ್ತಲೇ ಹಾಡಿಗೆ ಹಾರಿದವರು ಅರ್ಧ ಮನೆ ಮೇಲೆ ಎತ್ತಿಕೊಂಡು ಪಲ್ಲವಿ ಮುಗಿಯುವ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಈ ತೊಂದರೆ ದುರ್ಯೋಧನ, ಭೀಮ ಇಬ್ಬರಿಗೂ ಖಾಯಂ.

ಇಬ್ಬರು ಸೇರಿ ಹಾಡುವ ಹಾಡಿಗೆ ಶ್ರುತಿ ಒಂದೇ ಆಗಬೇಕು. ನಿಮ್ಮದು ಒಂದು ಮನೆ, ಎದುರಿನವರದು ಎರಡು ಎಂದಾದರೆ ಯಾರು ಯಾರಿಗೆ ಹೊಂದಿಕೊಳ್ಳುವುದು ಎಂದು ಮೊದಲ ವಾರದಲ್ಲೇ ತೀರ್ಮಾನಿಸಿ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರು ಬರುವುದಾದರೆ ಅವರು ಯಾವ ಮನೆಯಲ್ಲಿ ಹಾಡುತ್ತಾರೆಂದು ಫೋನಿನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಎಚ್ಚರದ ಗುರುತುಗಳು: ತಾಲೀಮಿನ ಮರುದಿನ ಮಧ್ಯಾಹ್ನವಾದರೂ ದನಿ ಒಡೆದೇ ಇದ್ದರೆ ಶ್ರುತಿ ಎತ್ತರವಾಗಿದೆ, ಇಲ್ಲವೇ ಮಾತಿನಲ್ಲಿ ಕೂಗುತ್ತಿದ್ದೀರಿ. ಎರಡು ದಿನ ಗಂಟಲಿಗೆ ರಜೆ ಕೊಡಿ. ಪಿಸುಮಾತೂ ಬೇಡ, ಅದೂ ಗಂಟಲಿಗೆ ಭಾರವೇ. ಬಿಸಿನೀರು, ಆವಿ ಸಾಕು. ದನಿ ಒಡೆದದ್ದು ಎರಡು ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ–ಮೂಗು–ಗಂಟಲು ವೈದ್ಯರಿಗೆ ತೋರಿಸಿ. ಮಿಕ್ಕ ಮನೆಮದ್ದುಗಳನ್ನು ಹೇಳಲು ತಂಡದಲ್ಲಿ ಹತ್ತು ಜನ ಇದ್ದೇ ಇರುತ್ತಾರೆ.

ಹಂತ 6: ಹಾಡದವರು ಮಾಡುವ ಕೆಲಸ

ಪರದೆ ಎಳೆಯಲು ಇಬ್ಬರು, ಪ್ರಾಂಪ್ಟಿಂಗಿಗೆ ಒಬ್ಬರು, ಸಾಮಾನಿಗೆ ಒಬ್ಬರು, ಪಾತ್ರಧಾರಿಗಳನ್ನು ಕರೆದು ನಿಲ್ಲಿಸಲು ಒಬ್ಬರು, ಊಟ–ನೀರಿಗೆ ಇಬ್ಬರು, ಲೆಕ್ಕಕ್ಕೆ ಒಬ್ಬರು. ಎಂಟು ಜನ. ಇವರು ಪಾರ್ಟು ಹಾಕಿರಬಾರದು. ಬಣ್ಣ ಹಚ್ಚಿದವರು ಪರದೆ ಎಳೆಯುತ್ತಾರೆ ಎಂದು ನಂಬಿದರೆ ಕೆಡುವುದು ಖಂಡಿತ.

ಪ್ರಾಂಪ್ಟರ್ ಆಗುವವರು ಕೊನೆಯ ನಾಲ್ಕು ವಾರದ ತಾಲೀಮಿಗೆ ತಪ್ಪದೆ ಬರಬೇಕು. ಯಾರು ಎಲ್ಲಿ ಬೇಕೆಂದೇ ನಿಲ್ಲುತ್ತಾರೆ, ಯಾರು ಮರೆತು ನಿಲ್ಲುತ್ತಾರೆ ಎಂದು ಅವರಿಗೆ ಗೊತ್ತಿರಬೇಕು. ಮುಂದಿನ ವಾಕ್ಯದ ಮೊದಲ ಎರಡು ಪದವನ್ನಷ್ಟೇ ಕೊಡಿ. ಪೂರ್ತಿ ವಾಕ್ಯ ಓದಿದರೆ ತೂಗುಮೈಕು ಅದನ್ನೂ ಹಿಡಿದು ಊರಿಗೆಲ್ಲ ಕೇಳಿಸುತ್ತದೆ.

ಸಾಮಾನಿನವರು ದೃಶ್ಯವಾರು ಪಟ್ಟಿ ಮಾಡಿ ಸೈಡ್‌ವಿಂಗಿನ ಎರಡೂ ಕಡೆ ಅಂಟಿಸಿ. ಗದೆ ಬಲಗಡೆ ಇಟ್ಟು ಭೀಮ ಎಡಗಡೆಯಿಂದ ಬರುವುದಾದರೆ ಗದೆಯನ್ನು ಎತ್ತಿಕೊಂಡು ಪರದೆಯ ಹಿಂದೆ ಓಡುವವರು ನೀವೇ.

ದುಡ್ಡು ಕೊಟ್ಟು ಬೆಂಬಲಿಸುವವರಿಗೆ: ‘ನಾಟಕಕ್ಕೆ’ ಎಂದು ಕೊಡುವುದಕ್ಕಿಂತ ಒಂದು ಬಾಬ್ತು ಹಿಡಿದು ಕೊಡಿ. ಹಾರ್ಮೋನಿಯಂ ಶ್ರುತಿ ಮಾಡಿಸುವುದು, ತಬಲಾ–ಡಗ್ಗಾದ ಮುಚ್ಚಿಗೆ ಬದಲಾಯಿಸುವುದು, ಒಂದು ರಾತ್ರಿಯ ಊಟ, ಜನರೇಟರ್ ಬಾಡಿಗೆ. ಯಾರೂ ದಾನ ಕೊಡಲು ಮುಂದೆ ಬಾರದ ಬಾಬ್ತುಗಳು ಇವೇ. ಹಾರ ಮತ್ತು ಫ್ಲೆಕ್ಸಿಗೆ ಎಲ್ಲರೂ ಕೊಡುತ್ತಾರೆ. ಹಣ ಸಂಘದ ಖಾತೆಗೇ ಹೋಗಲಿ, ವ್ಯಕ್ತಿಯ ಯುಪಿಐಗೆ ಬೇಡ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ ಸಂಘಕ್ಕೆ ಅದರ ನೋಂದಣಿ ಇದೆಯೇ ಎಂದು ಮೊದಲು ಕೇಳಿ. ಇದ್ದರೂ 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಸಿಗದು. ಹೊರದೇಶದಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟ್ ಹೊಂದಿದ್ದು ಬ್ಯಾಂಕಿನ ಮೂಲಕ ಸ್ವಂತ ಉಳಿತಾಯದಿಂದ ಕಳಿಸಿದರೆ ತೊಡಕಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆ ಎಂದೇ ಎಣಿಸುತ್ತಾರೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯಿದೆ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟಬಾರದು.

ಹಂತ 7: ಕಾಗದಪತ್ರ

ಸಂಘ ನೋಂದಣಿಗೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ 7 ಜನ ಬೇಕು. ಒಂದೇ ಒಂದು ನಾಟಕ ಆಡಿ ಬಿಡುವುದಾದರೆ ನೋಂದಣಿಯ ರಗಳೆ ಬೇಡ. ವರ್ಷವೂ ಆಡುವುದಿದ್ದರೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವುದಿದ್ದರೆ ಬೇಕು. ಖಾತೆಗೆ ಇಬ್ಬರ ರುಜು ಇರಲಿ.

ಮೈಕಿನ ಅನುಮತಿ ದೊಡ್ಡ ತೊಡಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬದ ಸಂದರ್ಭಕ್ಕೆ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು. ಬೆಳಗಾಗುವವರೆಗೆ ಆಡುವ ನಾಟಕಕ್ಕೆ ಇದು ಹೊಂದುವುದಿಲ್ಲ. ಯಾರೋ ದೂರು ಕೊಟ್ಟರೆ ಅಭಿಮನ್ಯುವಿನ ದೃಶ್ಯದ ಹೊತ್ತಿಗೆ ಮೈಕು ಬಂದ್. ಆದ್ದರಿಂದ ಮಧ್ಯಾಹ್ನವೇ ಪರದೆ ಎತ್ತಿ ಹತ್ತರೊಳಗೆ ಮುಗಿಸಿ, ಇಲ್ಲವೇ ಮುಚ್ಚಿದ ರಂಗಮಂದಿರ ಹಿಡಿಯಿರಿ. ಬೆಂಗಳೂರಿನ ಸಂಘಗಳು ರವೀಂದ್ರ ಕಲಾಕ್ಷೇತ್ರದಲ್ಲೂ ಮಲ್ಲತ್ತಹಳ್ಳಿ ಕಲಾಗ್ರಾಮದಲ್ಲೂ ಹಗಲು ಹೊತ್ತು ಆಡುವುದು ಇದೇ ಕ್ರಮದಲ್ಲಿ. ಠಾಣೆಗೆ ಅರ್ಜಿಯನ್ನು ಹದಿನೈದು ದಿನ ಮುಂಚೆ ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿಮಾತಿನ ‘ಆಯ್ತು ಮಾಡ್ಕೊಳ್ಳಿ’ ಸಾಲದು.

ನಾಟಕದ ಹಕ್ಕಿನ ಬಗ್ಗೆ: ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಸ್ವಾಮ್ಯ ಉಳಿಯುತ್ತದೆ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಆಡಿದರೆ, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ, 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ವಿನಾಯಿತಿಯಿದೆ. ಆ ವಿನಾಯಿತಿ ಆಡುವುದಕ್ಕಷ್ಟೇ. ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುವುದು ಅದರಲ್ಲಿ ಸೇರಿಲ್ಲ. ಸಿನಿಮಾ ಹಾಡಿನ ಮಟ್ಟು ಬಳಸಿದ್ದರಂತೂ ಹಾಕುವ ಮುನ್ನ ಯೋಚಿಸಿ.

ಹಂತ 8: ಕಲಾವಿದೆಯರು, ಡ್ರೆಸ್ಸು, ಸೀನರಿ

ಹೊರಗಿನಿಂದ ಬರುವ ಕಲಾವಿದೆಯರಿಗೆ ಪಾರ್ಟು ಬಾಯಿಪಾಠ ಇರುತ್ತದೆ, ಆದರೆ ಅವರಿಗೆ ಬರುವ ಪಾಠವೂ ನಿಮ್ಮ ಮೇಷ್ಟ್ರ ಪಾಠವೂ ಬೇರೆಯಿರಬಹುದು. ಅವರ ಹಾಡುಗಳ ಪಟ್ಟಿ, ಎತ್ತುಗಳನ್ನು ಹದಿನೈದು ದಿನ ಮುಂಚೆ ಕಳಿಸಿ. ಕೊನೆಯ ಟ್ರಯಲ್‌ಗೆ ಒಮ್ಮೆಯಾದರೂ ಕರೆಸಿ. ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ, ಶೌಚಾಲಯ, ವಾಪಸ್ಸು ಹೋಗಲು ಗಾಡಿ, ಬಣ್ಣ ಹಚ್ಚುವ ಮೊದಲೇ ಪೂರ್ತಿ ಸಂಭಾವನೆ. ಇವು ನಾಲ್ಕೂ ಆಗದಿದ್ದರೆ ಕರೆಸಬೇಡಿ. ಆ ಕೋಣೆಯ ಹತ್ತಿರ ಅಭಿಮಾನಿಗಳೆಂದು ಸುಳಿಯುವವರನ್ನು ತಡೆಯುವುದು ಸಮಿತಿಯ ಕೆಲಸ, ಕಲಾವಿದೆಯರದ್ದಲ್ಲ.

ಡ್ರಾಮಾ ಸೀನರಿಯವರನ್ನು ಒಪ್ಪಿಸುವಾಗ ಯಾವ್ಯಾವ ಸೀನು ಎಂದು ಬರೆಸಿ: ದರ್ಬಾರು, ಬೀದಿ, ಕಾಡು, ಅಂತಃಪುರ, ಯುದ್ಧಭೂಮಿ. ‘ಫುಲ್ ಸೆಟ್’ ಎಂಬ ಮಾತಿಗೆ ಅರ್ಥವಿಲ್ಲ. ನಿಮ್ಮ ವೇದಿಕೆಯ ಅಗಲ, ಆಳ, ಎತ್ತರ ಅಳೆದು ಅವರಿಗೆ ಕೊಡಿ. ಪರದೆ ಮೇಲೆ ಸುತ್ತಿಕೊಳ್ಳಲು ಎತ್ತರ ಸಾಲದಿದ್ದರೆ ಅರ್ಧಕ್ಕೇ ನಿಂತು ಹಿಂದೆ ಕೂತವರ ಕಾಲು ಕಾಣುತ್ತದೆ. ಒಂದನೇ, ಎರಡನೇ ಕೃಷ್ಣರಿಗೆ ಒಂದೇ ಬಣ್ಣದ ಡ್ರೆಸ್ಸು ಎರಡು ಜೊತೆ ಇವೆಯೇ ಎಂದೂ ಕೇಳಿ.

ಕಿರೀಟ ಹಾಕಿ ನೋಡುವುದನ್ನು ಆ ರಾತ್ರಿಗೆ ಬಿಡಬೇಡಿ. ಒಳಗೆ ಹತ್ತಿಬಟ್ಟೆಯ ಸಿಂಬಿ ಇಟ್ಟು ಬಿಗಿ ಮಾಡಿಕೊಳ್ಳಬೇಕು. ಹಾಕಿಕೊಂಡು ಒಂದು ಹಾಡು ಹಾಡಿ, ಸಿಂಹಾಸನದಲ್ಲಿ ಕೂತು ಏಳಿ, ತಲೆ ಬಗ್ಗಿಸಿ ನಮಸ್ಕಾರ ಮಾಡಿ. ಕಿವಿ ಮುಚ್ಚಿದರೆ ಹಾರ್ಮೋನಿಯಂ ಕೇಳುವುದಿಲ್ಲ, ಅಂಥದ್ದನ್ನು ಬದಲಾಯಿಸಿಕೊಳ್ಳಿ. ಮೀಸೆ ಅಂಟಿಸುವ ಗೋಂದು ಕೆಲವರಿಗೆ ಆಗಿಬರುವುದಿಲ್ಲ. ಹಿಂದಿನ ದಿನ ಮುಂದೋಳಿನ ಒಳಬದಿಗೆ ಒಂದು ಬೊಟ್ಟು ಹಚ್ಚಿ ನೋಡಿ. ಕೆಂಪಾಗಿ ತುರಿಸಿದರೆ ದಾರದ ಮೀಸೆ ಕೇಳಿ.

ಹಂತ 9: ನಾಟಕದ ದಿನ

ಬಣ್ಣದ ಲೆಕ್ಕ ಮೊದಲು ಹಾಕಿ. ಒಬ್ಬರಿಗೆ 25 ನಿಮಿಷ, ಜನ 20, ಬಣ್ಣದವರು ಇಬ್ಬರು ಎಂದರೆ 250 ನಿಮಿಷ, ನಾಲ್ಕು ಗಂಟೆ ದಾಟಿತು. ಮಧ್ಯಾಹ್ನ ಎರಡಕ್ಕೆ ಪರದೆ ಎತ್ತಬೇಕಾದರೆ ಬೆಳಗ್ಗೆ ಒಂಬತ್ತೂವರೆಗೆ ಮೊದಲನೆಯವರು ಕೂರಬೇಕು. ಪ್ರವೇಶದ ಕ್ರಮದಲ್ಲಿ ಹೆಸರು ಬರೆದು ಗೋಡೆಗೆ ಅಂಟಿಸಿ, ಊರಿನ ಹಿರಿತನದ ಕ್ರಮದಲ್ಲಲ್ಲ.

ನಿಮ್ಮ ಚೀಲದಲ್ಲಿ: ಹಳೇ ಬನಿಯನ್ ಎರಡು, ಚಡ್ಡಿ, ಟವೆಲು, ಒಂದು ಡಜನ್ ಸೇಫ್ಟಿಪಿನ್ನು, ಕೊಬ್ಬರಿ ಎಣ್ಣೆ, ಬಾಚಣಿಗೆ, ನೀರಿನ ಬಾಟಲಿಗೆ ಒಂದು ಸ್ಟ್ರಾ, ನೋಟ್‌ಬುಕ್. ಡ್ರೆಸ್ಸಿಗೆ ಮುನ್ನ ಶೌಚಾಲಯಕ್ಕೆ ಹೋಗಿಬನ್ನಿ. ಡಾಬು, ಎದೆಕವಚ, ಭುಜಕೀರ್ತಿ ಕಟ್ಟಿದ ಮೇಲೆ ಬಿಚ್ಚಲು ಇನ್ನೊಬ್ಬರು ಬೇಕು. ಊಟ ಮೂರು ಗಂಟೆ ಮುಂಚೆ, ಹಗುರವಾಗಿ. ಮೊಸರು, ಎಣ್ಣೆಯ ಬೋಂಡ ಅಂದು ಬೇಡ.

ಮೈಕಿನವರ ಜೊತೆ ಹತ್ತು ನಿಮಿಷ ಕಳೆಯಿರಿ. ತೂಗುಮೈಕು ಇದ್ದರೆ ಅದರ ನೇರ ಕೆಳಗೆ ನೆಲದ ಮೇಲೆ ಸುಣ್ಣದ ಗುರುತು ಹಾಕಿ. ಹಾಡುವಾಗ ಅಲ್ಲೇ ನಿಲ್ಲಿ. ಮುಖ ಎತ್ತಿ ಮೈಕಿಗೆ ಹಾಡಬೇಡಿ, ಜನರಿಗೆ ಹಾಡಿ. ಕಾಲರ್ ಮೈಕನ್ನು ಎದೆಗೆ ಸಿಕ್ಕಿಸಿದರೆ ಕವಚದ ಮಣಿ ಉಜ್ಜಿ ಕರಕರ ಎನ್ನುತ್ತದೆ. ಕಿರೀಟದ ಅಂಚಿನಲ್ಲಿ, ಹಣೆಯ ಮೇಲೆ ಬರುವಂತೆ ಟೇಪು ಹಾಕಿಸಿಕೊಳ್ಳಿ. ಒಂದು ಸ್ಪೀಕರು ರಂಗದ ಕಡೆಗೂ ತಿರುಗಿರಲಿ, ಇಲ್ಲದಿದ್ದರೆ ಶ್ರುತಿ ಕೇಳದೆ ಎಲ್ಲರೂ ಜಾರುತ್ತಾರೆ.

ಬಾಣದ ದೃಶ್ಯಕ್ಕೆ ಪಟಾಕಿ, ಪ್ರವೇಶಕ್ಕೆ ಹೊಗೆ ಎಂದು ಹುರುಪಿನ ಹುಡುಗರು ತರುತ್ತಾರೆ. ಬಟ್ಟೆಯ ಪರದೆ, ನೈಲಾನ್ ವಿಗ್ಗು, ಶಾಮಿಯಾನದ ನಡುವೆ ಬೆಂಕಿ ಬೇಡವೇ ಬೇಡ. ಎರಡು ಬಕೆಟ್ ಮರಳು, ಒಂದು ಅಗ್ನಿಶಾಮಕ ಸಿಲಿಂಡರು ಸೈಡ್‌ವಿಂಗಿನಲ್ಲಿ ಇರಲಿ.

ಮಾತು ಮರೆತರೆ ಎದುರಿನವರ ಕೊನೆಯ ಪದವನ್ನೇ ಪ್ರಶ್ನೆಯಾಗಿ ತಿರುಗಿಸಿ: ‘ಯುದ್ಧವೇ?’ ಅಷ್ಟರಲ್ಲಿ ಪ್ರಾಂಪ್ಟರ್ ಕೊಡುತ್ತಾರೆ. ಹಾಡು ತಾಳ ತಪ್ಪಿದರೆ ಪಲ್ಲವಿಗೆ ಮರಳಿ, ಮೇಷ್ಟ್ರು ಹಿಡಿದುಕೊಳ್ಳುತ್ತಾರೆ. ‘ಒನ್ಸ್ ಮೋರ್’ ಬಂದರೆ ಪೂರ್ತಿ ಹಾಡಬೇಡಿ, ಚರಣ ಒಂದು, ಪಲ್ಲವಿ ಒಂದು. ನಡುವೆ ರಂಗಕ್ಕೆ ಹತ್ತಿ ಹಾರ ಹಾಕುವವರನ್ನು ದೃಶ್ಯ ಮುಗಿಯುವವರೆಗೆ ತಡೆದು ನಿಲ್ಲಿಸಲು ಒಬ್ಬ ಗಟ್ಟಿ ಆಳು ಮೆಟ್ಟಿಲ ಬಳಿ ಬೇಕು. ನೋಟಿನ ಹಾರದ ಹಣ ಯಾರದು, ಕಲಾವಿದರದೋ ಸಂಘದ್ದೋ, ಮೊದಲೇ ಮಾತಾಡಿಕೊಳ್ಳಿ.

ಹಂತ 10: ಮರುದಿನ

ಬಣ್ಣವನ್ನು ಮೊದಲು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಮೀಸೆಯನ್ನು ಕೀಳಬೇಡಿ, ಅಂಚಿಗೆ ಎಣ್ಣೆ ಬಿಟ್ಟು ಐದು ನಿಮಿಷ ಕಾಯಿರಿ. ಡ್ರೆಸ್ಸು, ಆಭರಣವನ್ನು ಸೀನರಿಯವರ ಎದುರಿಗೇ ಎಣಿಸಿ ಒಪ್ಪಿಸಿ. ಗೆಜ್ಜೆ, ಕರ್ಣಕುಂಡಲ ಒಂಟಿಯಾಗಿ ಕಳೆದುಹೋಗುವುದು ಹೆಚ್ಚು. ಎರಡು ದಿನ ಬಿಟ್ಟು ಅವರು ಫೋನು ಮಾಡಿ ‘ಒಂದು ಕಡಿಮೆ ಇದೆ’ ಎಂದರೆ ದಂಡ ಕಟ್ಟುವುದು ಬಿಟ್ಟು ದಾರಿಯಿಲ್ಲ.

ಹತ್ತು ದಿನದೊಳಗೆ ಸಭೆ ಕರೆದು ಲೆಕ್ಕ ಓದಬೇಕು: ಜಮಾ, ಖರ್ಚು, ಬಾಕಿ, ರಶೀದಿಗಳ ಕಂತೆ ಮೇಜಿನ ಮೇಲೆ. ಉಳಿದ ಹಣವನ್ನು ಹಂಚಿಕೊಳ್ಳುವುದೋ ಖಾತೆಯಲ್ಲಿಡುವುದೋ ಎಂದು ಅಂದೇ ಬರೆದು ಎಲ್ಲರ ರುಜು ಹಾಕಿಸಿ. ಸಭೆ ಮುಂದಕ್ಕೆ ಹೋಗುತ್ತಲೇ ಇದ್ದು ತಿಂಗಳಾದರೆ, ನೀವೇ ನಾಲ್ಕು ಜನರನ್ನು ಕೂಡಿಸಿಕೊಂಡು ಲಿಖಿತವಾಗಿ ಕೇಳಿ. ಅದಕ್ಕೂ ಉತ್ತರ ಬಾರದಿದ್ದರೆ ಮುಂದಿನ ಸಲ ಬೇರೆ ತಂಡದ ತಾಲೀಮಿಗೆ ಹೋಗಿ ಮೂಲೆಯಲ್ಲಿ ಕೂರಿ. ನಿಮ್ಮ ಮನೆ ಯಾವುದು ಎಂದು ಈಗ ನಿಮಗೆ ಗೊತ್ತಿರುವುದರಿಂದ ಎರಡನೇ ಹಂತ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.